ದೊಡ್ಡಣ್ಣನ ಆರೋಗ್ಯ

ನಮ್ಮ ದೊಡ್ಡಣ್ಣ ಮಣ್ಣಿನವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆವತ್ತು ಮೊದಲೇ ಹೇಳದೆ ಹೋದದ್ದರಿಂದಲೇ ಅಷ್ಟೆಲ್ಲ ಆಯಿತು.

ಮದುವೆಯಾಗಿ ನಾಲ್ಕು ವರ್ಷವಾದರೂ ಅಮ್ಮನಿಗೆ ಮಕ್ಕಳಾಗಿರಲಿಲ್ಲ. ಅವಳು ಸಮುದ್ರ ತಾಯಿಯ ಗುಡಿಗೆ ಹೋದಳು. ತಾಯಿಯ ಪಾದದ ಬಳಿ ಸಾಲಾಗಿ ಕೂರಿಸಿದ್ದ ಮಣ್ಣಿನ ಕೂಸುಗಳಲ್ಲಿ ಒಂದಕ್ಕೆ ಕೆಂಪು ದಾರ ಕಟ್ಟಿದಳು. ಪೂಜಾರಿ ಕಂಡೂ ಕಾಣದ ಹಾಗೆ ಅತ್ತ ತಿರುಗಿದಾಗ ಅದನ್ನು ಕೋಟಿನೊಳಗೆ ಮುಚ್ಚಿಕೊಂಡು ಮನೆಗೆ ತಂದಳು. ಎರಡು ವರ್ಷಕ್ಕೆ ನಾನು ಹುಟ್ಟಿದೆ. ನಮ್ಮ ಬಂದರೂರು ತಿಯಾನ್‌ಜಿನ್ನಿನಲ್ಲಿ ಹಾಗೆ ತಂದ ಕೂಸೇ ಮನೆಯ ಹಿರಿಮಗ, ಆಮೇಲೆ ಹುಟ್ಟಿದವನು ಎರಡನೆಯವನು. ತಮ್ಮನಿಗೆ ವಯಸ್ಸಾಗಿ ಅಣ್ಣ ಮಾತ್ರ ಕೂಸಾಗಿಯೇ ಉಳಿದರೆ ಚೆನ್ನಾಗಿರುವುದಿಲ್ಲ. ಅದಕ್ಕೇ ಆಗಾಗ ಗೊಂಬೆ ಮಾಡುವವನ ಕೈಗೆ ಕೊಡುತ್ತೇವೆ. ಅವನು ಅದೇ ಮಣ್ಣನ್ನು ಮತ್ತೆ ಕಲಸಿ, ಒಂದು ಹಿಡಿ ಹೊಸ ಮಣ್ಣು ಸೇರಿಸಿ, ವಯಸ್ಸಿಗೆ ತಕ್ಕ ಮುಖ ಮಾಡಿಕೊಡುತ್ತಾನೆ. ದೊಡ್ಡಣ್ಣನಿಗೆ ಈಗ ಅರವತ್ತನಾಲ್ಕು. ಬಿಳಿ ಮೀಸೆ, ಸಣ್ಣ ಹೊಟ್ಟೆ, ನೀಲಿ ನಿಲುವಂಗಿ. ಎತ್ತರ ಒಂದೂವರೆ ಗೇಣು. ಕಿಟಕಿಯ ಪಕ್ಕದ ಮೇಜಿನ ಮೇಲೆ ಕೂತಿರುತ್ತಾನೆ. ಮನೆಯಲ್ಲಿ ಏನು ಮಾಡಿದರೂ ಮೊದಲ ಬಟ್ಟಲು ಅವನ ಮುಂದೆ.

ನನ್ನನ್ನು ಎಲ್ಲರೂ ಎರಡನೇ ಅಣ್ಣ ಎನ್ನುತ್ತಾರೆ. ನಮ್ಮೂರಿನಲ್ಲಿ ಗುರುತಿಲ್ಲದ ಗಂಡಸನ್ನೂ ಹಾಗೇ ಕರೆಯುವುದು. ದೊಡ್ಡಣ್ಣ ಎಂದರೆ ಗೊಂಬೆ ಎಂದಂತಾಗುತ್ತದೆ. ನಾನು ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದು ನಿವೃತ್ತನಾದವನು. ನನ್ನಪ್ಪ ಬಿದಿರಿನ ಚಿಟಿಕೆ ಬಾರಿಸುತ್ತ ಪದ್ಯ ಹೇಳುತ್ತಿದ್ದ. ಅವನೆದುರು ಕೂತು ಕೇಳಿ ಕೇಳಿ, ನನಗೆ ಕೇಳುವುದು ರೂಢಿಯಾಯಿತೇ ಹೊರತು ಹೇಳುವುದಲ್ಲ.

ಮಗಳು ಶೂಮಿನ್ ಬಂದರಿನ ಕಚೇರಿಯಲ್ಲಿ ಕೆಲಸದಲ್ಲಿದ್ದಾಳೆ. ಅದೇ ಕಚೇರಿಯ ವೆನ್‌ಬೊ ಎಂಬ ಹುಡುಗನನ್ನು ಮೂರು ವರ್ಷದಿಂದ ಮೆಚ್ಚಿದ್ದಳು. ಹುಡುಗ ದೂರದ ಲಾನ್‌ಜೋ ಊರಿನವನು. ಅವನ ಹಿರಿಯರು ಮೊದಲು ಬರದೆ ಹುಡುಗ ಮನೆಯೊಳಗೆ ಕಾಲಿಡಬಾರದೆಂದು ನನ್ನ ಹೆಂಡತಿ ಬಾವ್‌ಜೆನ್ ಕಟ್ಟುಮಾಡಿದ್ದರಿಂದ, ಅವನನ್ನು ನಾವು ಹೋಟೆಲಿನಲ್ಲೇ ನಾಲ್ಕು ಸಲ ನೋಡಿದ್ದೆವು. ಆ ಚಳಿಗಾಲದಲ್ಲಿ ಅವನ ತಾಯಿ ಚುನ್‌ಲಿಂಗ್ ತಿಯಾನ್‌ಜಿನ್ ನೋಡಲು ಬರುವುದಾಗಿ ತಿಳಿಸಿದರು. ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಅವರು ಹೂಂ ಎಂದರೆ ಮದುವೆ, ಊಹೂಂ ಎಂದರೆ ಇಲ್ಲ.

"ಊರು ನೋಡೋಕೆ ಅಂತಾರೆ, ನೋಡೋದು ನಮ್ಮನ್ನ" ಎಂದಳು ಶೂಮಿನ್. "ನಮಗಿಬ್ಬರಿಗೂ ರಜೆ ಸಿಗಲಿಲ್ಲ. ಸಂಜೆ ಊಟಕ್ಕೆ ಬರ್ತೀವಿ. ಅಲ್ಲೀವರೆಗೆ ನೀನೇ ಸುತ್ತಾಡಿಸಬೇಕು, ಅಪ್ಪ."

"ಅಪ್ಪನ್ನ ಕಳಿಸೋದೇ ಸರಿ. ಬಾಯಿ ಬಿಟ್ಟರೆ ತಾನೇ ಎಡವಟ್ಟಾಗೋದು" ಎಂದಳು ಬಾವ್‌ಜೆನ್.

ಒಂದು ಸಂಗತಿ ನಮಗೆ ಆಮೇಲೆ ತಿಳಿಯಿತು. ಶೂಮಿನ್ ಎಂದೋ ಒಂದು ದಿನ ಹುಡುಗನಿಗೆ ಮನೆಯವರ ಬಗ್ಗೆ ಹೇಳುವಾಗ, "ದೊಡ್ಡಪ್ಪನೂ ಇದ್ದಾರೆ. ಮಾತಾಡಲ್ಲ, ಓಡಾಡಲ್ಲ, ಕಿಟಕಿ ಪಕ್ಕ ಕೂತಿರ್ತಾರೆ" ಎಂದಿದ್ದಳಂತೆ. ಮಣ್ಣಿನವರು ಎಂದು ಹೇಳಿರಲಿಲ್ಲ. ಯಾರು ಹೇಳುತ್ತಾರೆ? ನಮ್ಮಜ್ಜಿ ಮೂಳೆ ಮಾಂಸದವರು ಎಂದು ನೀವು ಯಾರಿಗಾದರೂ ಹೇಳಿದ್ದೀರಾ? ಹುಡುಗ ಅದನ್ನು ತಾಯಿಗೆ ಹೇಳಿದ. ತಾಯಿ ನರ್ಸು. ಇದು ವಂಶದಲ್ಲಿ ಇಳಿದು ಬರುವ ಕಾಯಿಲೆಯೋ ಏನೋ ಎಂದು ಕಣ್ಣಾರೆ ನೋಡಿ ತೀರ್ಮಾನಿಸಲು ಹೊರಟು ಬಂದಿದ್ದರು.

ರೈಲಿಳಿದವರು ನನಗೆ ಕೈಮುಗಿದು, "ಚೆನ್ನಾಗಿದ್ದೀರಾ, ದೊಡ್ಡಣ್ಣ?" ಎಂದರು.

ಸೂಟ್‌ಕೇಸ್ ಎತ್ತಿಡುತ್ತಿದ್ದ ಟ್ಯಾಕ್ಸಿಯವನು ಕಿಸಕ್ಕನೆ ನಕ್ಕ. ಅವನಿಗೆ ಎಪ್ಪತ್ತರ ಹತ್ತಿರ. ಆದರೂ ನಮ್ಮೂರಿನವನಲ್ಲವೇ, ಹೆಂಗಸರೆಲ್ಲ ಅವನಿಗೆ ಅಕ್ಕಂದಿರೇ. "ಅಕ್ಕ, ಇವರು ದೊಡ್ಡಣ್ಣ ಅಲ್ಲ. ದೊಡ್ಡಣ್ಣ ಆಗಿದ್ರೆ ಸ್ಟೇಷನ್‌ಗೆ ಹೇಗೆ ಬರ್ತಿದ್ರು? ಮನೇಲಿ ಕೂತಿರ್ತಿದ್ರು."

ಚುನ್‌ಲಿಂಗ್ ಅವರ ಮುಖ ಬಿಗಿಯಿತು. ಕಾರಿನೊಳಗೆ ಕೂತ ಮೇಲೆ ಮೆಲ್ಲಗೆ ಕೇಳಿದರು: "ಈ ಡ್ರೈವರ್ ನಿಮಗೆ ಪರಿಚಯದವರಾ?"

"ಇಲ್ಲ" ಎಂದೆ.

"ನಮ್ಮನೇಲೂ ಒಬ್ಬರು ಇದ್ರು ಅಕ್ಕ" ಎಂದ ಅವನು, ಯಾರೂ ಕೇಳದೆ. "ನಮ್ಮಪ್ಪನಿಗೆ ಅಣ್ಣ ಆಗ್ಬೇಕು. ಮನೆ ಬದಲಾಯಿಸುವಾಗ ನನ್ನ ಹೆಂಡತಿ ಕೈಯಿಂದ ಜಾರಿ ಮೂರನೇ ಮಹಡಿಯಿಂದ ಕೆಳಗೆ ಬಿದ್ರು."

"ಆಮೇಲೆ?"

"ಆಮೇಲೇನು. ಆ ಜಾಗದಲ್ಲಿ ಟಿವಿ ಇಟ್ಟಿದ್ದೀವಿ."

ಅಲ್ಲಿಂದ ಮುಂದಕ್ಕೆ ಅವರು ಕಿಟಕಿಯ ಕಡೆ ತಿರುಗಿದವರು ತಿರುಗಿಯೇ ಇದ್ದರು. ನದಿ ನೋಡುತ್ತಿದ್ದಾರೆ ಎಂದುಕೊಂಡೆ.

ಮೊದಲು ತಿಂಡಿಗೆ ನಮ್ಮ ಬೀದಿಯ ಹೆಸರುಹಿಟ್ಟಿನ ದೋಸೆ ಗಾಡಿಗೆ ಕರೆದೊಯ್ದೆ. ಸರದಿಯಲ್ಲಿ ನಿಂತವರ ಕೈಯಲ್ಲೆಲ್ಲ ದೋಸೆಯ ಮೇಲೆ ಒಡೆಸಿಕೊಳ್ಳಲು ಮನೆಯಿಂದ ತಂದ ಮೊಟ್ಟೆ. ನಾನೂ ಕೋಟಿನ ಜೇಬಿನಿಂದ ಎರಡು ತೆಗೆದೆ.

"ಏನು ಎರಡನೇ ಅಣ್ಣ, ಇವತ್ತು ಎರಡು ಮೊಟ್ಟೆ?" ಎಂದಳು ದೋಸೆ ಹುಯ್ಯುವವಳು. "ಬಾವ್‌ಜೆನ್ ಅಕ್ಕನಿಗೆ ಗೊತ್ತಾ ಇವರ ಜೊತೆ ತಿರುಗ್ತಿರೋದು?"

"ವೆನ್‌ಬೊನ ತಾಯಿ. ಊರು ನೋಡೋಕೆ ಬಂದಿದ್ದಾರೆ."

"ಓ, ಬೀಗಿತ್ತಿಯಾಗೋರು. ಬನ್ನಿ ಅಕ್ಕ, ಖಾರ ಎಷ್ಟು ಹಾಕ್ಲಿ? ಹೆದರಬೇಡಿ, ಒಳ್ಳೇ ಮನೆ. ಇವರು ಮಾತು ಕಮ್ಮಿ, ದೊಡ್ಡಣ್ಣ ಅದೂ ಇಲ್ಲ. ಹೇಗಿದ್ದಾರೆ ದೊಡ್ಡಣ್ಣ?"

"ಹಾಗೇ ಇದ್ದಾರೆ. ಮೊನ್ನೆ ಕಿವಿ ಹೋಯ್ತು."

"ಅಯ್ಯೋ. ಯಾವ ಕಿವಿ?"

"ಎಡಗಡೆದು. ಬಾವ್‌ಜೆನ್ ಗೋಂದು ಹಚ್ಚಿದ್ದಾಳೆ."

ಚುನ್‌ಲಿಂಗ್ ಅವರು ಕಚ್ಚಿದ ದೋಸೆಯನ್ನು ಅಗಿಯದೆ ಹಾಗೇ ಬಾಯಲ್ಲಿಟ್ಟುಕೊಂಡು ನನ್ನನ್ನು ನೋಡಿದರು. ಬಿಸಿ ಇರಬೇಕು ಎಂದುಕೊಂಡೆ.

ಆಮೇಲೆ ಗುಡಿಗೆ ಹೋಗಿ ಊದುಬತ್ತಿ ಹಚ್ಚಿ ಬರೋಣ ಎಂದೆ. ಗುಡಿ ಬೇಡ, ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಯಾವುದಿದೆ ತೋರಿಸಿ ಎಂದರು. ಎಂಥ ಪ್ರವಾಸಿಯಪ್ಪಾ ಎನ್ನಿಸಿದರೂ ತೋರಿಸಿದೆ. ಗೇಟಿನ ಹೊರಗೇ ನಿಂತು ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಈ ಊರಿನ ನೀರು ಹಿಂದೆ ಉಪ್ಪಾಗಿತ್ತಂತಲ್ಲ ಎಂದು ಕೇಳಿದರು. ಹೌದೆಂದೆ. ತಲೆಯಾಡಿಸಿದರು.

ಮಧ್ಯಾಹ್ನ ಸೇತುವೆಯ ಮೇಲೆ ತಿರುಗುವ, ಜಾತ್ರೆ ತೊಟ್ಟಿಲಿನಂಥ ದೊಡ್ಡ ಚಕ್ರ ಹತ್ತಿದೆವು. ಒಂದು ಸುತ್ತು ಬರಲು ಅರ್ಧ ಗಂಟೆ. ಗಾಜಿನ ಡಬ್ಬಿಯ ಬಾಗಿಲು ಹಾಕಿಕೊಂಡ ಕೂಡಲೇ ಅವರು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದರು. ಕೆಳಗೆ ನದಿ, ಅದರ ಮೇಲೆ ತೆಳ್ಳನೆಯ ಮಂಜುಗಡ್ಡೆ, ಬಿಸಿಲಿಗೆ ಹೊಳೆಯುವ ಚಾವಣಿಗಳು. ಅದೊಂದನ್ನೂ ಅವರು ನೋಡಲಿಲ್ಲ.

"ನೇರವಾಗಿ ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಿಮ್ಮ ಅಣ್ಣ ಯಾವಾಗಿಂದ ಹೀಗೆ?"

"ಮೊದಲಿಂದಲೂ ಹೀಗೇ."

"ಮಗು ಆಗಿದ್ದಾಗಲೂ ಎದ್ದು ಓಡಾಡಿಲ್ವಾ?"

"ಇಲ್ಲ. ಆಗ ಇನ್ನೂ ಚಿಕ್ಕವರಿದ್ರು, ಅಮ್ಮ ಕೋಟಿನ ಜೇಬಲ್ಲಿ ಇಟ್ಕೊಂಡು ತಿರುಗ್ತಿದ್ದಳಂತೆ."

ಅವರು ಕಣ್ಣು ಮುಚ್ಚಿ ತೆರೆದರು. "ಅವಧಿಗೆ ಮುಂಚೆ ಹುಟ್ಟಿದ್ದೋ?"

"ಅದು ಗೊತ್ತಿಲ್ಲ. ಗುಡೀಲಿ ಸಿಕ್ಕಿದ್ದು."

"ಓ." ಅವರ ಮುಖ ಮೊದಲ ಬಾರಿಗೆ ಅರಳಿತು. "ಹಾಗಾದ್ರೆ ರಕ್ತಸಂಬಂಧ ಇಲ್ಲ."

"ಹಾಗನ್ನಬೇಡಿ" ಎಂದೆ ನಾನು, ಮನಸ್ಸಿಗೆ ನೋವಾಗಿ. "ಅವರು ಬಂದ ಮೇಲೇ ನಾನು ಬಂದದ್ದು. ನನ್ನದೇ ಅಣ್ಣ. ನಡುವೆ ಕೆಲವು ವರ್ಷ ಕಾಲ ಸರಿ ಇರಲಿಲ್ಲ. ಇಂಥವರು ಮನೇಲಿ ಇರಬಾರದು ಅಂತ ಸರ್ಕಾರದ ಹುಕುಂ ಆಯ್ತು. ಅಮ್ಮ ಅವರನ್ನ ಕಲ್ಲಿದ್ದಲ ಬುಟ್ಟೀಲಿ ಮುಚ್ಚಿಟ್ಟಳು."

"ಎಷ್ಟು ದಿನ?"

"ಹತ್ತು ವರ್ಷ."

ಡಬ್ಬಿ ಆಗ ತುತ್ತತುದಿಯಲ್ಲಿತ್ತು. ಅವರು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎತ್ತರ ಎಂದರೆ ಭಯವಿರಬೇಕು ಎಂದುಕೊಂಡು, "ಕೆಳಗೆ ನೋಡಬೇಡಿ" ಎಂದೆ.

"ಡಾಕ್ಟರಿಗೆ ತೋರಿಸಿಲ್ವಾ?"

"ಡಾಕ್ಟರ್ ಯಾಕೆ? ಗುಡಿ ಬೀದೀಲಿ ಒಬ್ಬ ಮುದುಕ ಇದ್ದಾನೆ. ಹತ್ತು ಹದಿನೈದು ವರ್ಷಕ್ಕೊಮ್ಮೆ ಅವನ ಹತ್ರ ಬಿಟ್ಟು ಬರ್ತೀವಿ. ಒಂದು ವಾರಕ್ಕೆ ಹೊಸಬರ ಹಾಗೆ ಬರ್ತಾರೆ. ಹೋದ ಸಲ ಮಾತ್ರ ಸ್ವಲ್ಪ ಹೊಟ್ಟೆ ಜಾಸ್ತಿ ಮಾಡಿಬಿಟ್ಟ. ಬಾವ್‌ಜೆನ್ ಅವನ ಜೊತೆ ಜಗಳಾನೇ ಆಡಿದಳು."

ಡಬ್ಬಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅವರು ದನಿ ತಗ್ಗಿಸಿ, ಒಂದೊಂದೇ ಮಾತನ್ನು ಇಟ್ಟು ಕೇಳಿದರು: "ನೀವಿಬ್ಬರೂ ಹೋದ ಮೇಲೆ ಅವರನ್ನ ಯಾರು ನೋಡ್ಕೋತಾರೆ?"

"ಶೂಮಿನ್ ನೋಡ್ಕೋತಾಳೆ. ಮದುವೆ ಆದಮೇಲೆ ಅವಳ ಜೊತೆಗೇ ಕಳಿಸೋಣ ಅಂತ ಬಾವ್‌ಜೆನ್ ಈಗಲೇ ಅಂತಾಳೆ."

"ನನ್ನ ಮಗನ ಬೆನ್ನು ಅಷ್ಟು ಗಟ್ಟಿ ಇಲ್ಲ, ಅಣ್ಣ."

"ಭಾರ ಏನಿಲ್ಲ" ಎಂದೆ ಧೈರ್ಯ ಹೇಳುತ್ತ. "ಒಂದು ಕೈಲಿ ಎತ್ತಬಹುದು."

"ಅಷ್ಟು ಇಳಿದುಹೋಗಿದ್ದಾರಾ?" ಎಂದು ಅವರು ಕರವಸ್ತ್ರ ತೆಗೆದರು.

ಎಂಥ ಮೃದು ಮನಸ್ಸಿನ ಹೆಂಗಸು ಎಂದು ನನಗೆ ಬಹಳ ಸಂತೋಷವಾಯಿತು. ಸಂಬಂಧ ಕುದುರಿದಂತೆಯೇ ಎಂದು ಸಮುದ್ರ ತಾಯಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮನೆ ಮುಟ್ಟುವ ಹೊತ್ತಿಗೆ ದೀಪ ಹತ್ತಿತ್ತು. ಬಾವ್‌ಜೆನ್ ಸಾರು ನೂಡಲ್ಸ್ ಮಾಡಿ ಕಾದಿದ್ದಳು. ಚುನ್‌ಲಿಂಗ್ ಕೋಟು ಬಿಚ್ಚಲಿಲ್ಲ, ಟೀ ಮುಟ್ಟಲಿಲ್ಲ. "ಮೊದಲು ದೊಡ್ಡವರನ್ನ ನೋಡ್ತೀನಿ" ಎಂದು ಕೈಚೀಲದಿಂದ ರಕ್ತದೊತ್ತಡ ನೋಡುವ ಪಟ್ಟಿ ಹೊರತೆಗೆದು, ತೋಳಿನ ಮೇಲೆ ಹಾಕಿಕೊಂಡು, ಕಿಟಕಿಯ ಕಡೆ ನಡೆದರು. ಪರದೆಯ ಹಿಂದೆ ನೋಡಿದರು. ಪಕ್ಕದ ಕೋಣೆಗೆ ಇಣುಕಿದರು.

"ಎಲ್ಲಿ?"

"ಅಲ್ಲೇ ಇದ್ದಾರಲ್ಲ ಅಕ್ಕ" ಎಂದಳು ಬಾವ್‌ಜೆನ್. "ನೂಡಲ್ಸ್ ಬಟ್ಟಲ ಹಿಂದೆ."

ಅವರು ಬಟ್ಟಲನ್ನು ನೋಡಿದರು. ಬಟ್ಟಲ ಹಿಂದೆ ನೋಡಿದರು. ಹಬೆಯೊಳಗಿಂದ ದೊಡ್ಡಣ್ಣ, ಗೋಂದು ಹಚ್ಚಿದ ಕಿವಿಯೊಂದಿಗೆ, ಯಾವತ್ತಿನಂತೆ ನಗುತ್ತಿದ್ದ. ಚುನ್‌ಲಿಂಗ್ ಬೆರಳು ಚಾಚಿ ಅವನ ಹೊಟ್ಟೆಯನ್ನು ಟಕಟಕ ತಟ್ಟಿದರು. ತೋಳಿನ ಮೇಲಿದ್ದ ಪಟ್ಟಿ ನೆಲಕ್ಕೆ ಬಿತ್ತು.

ನನಗೆ ಎಲ್ಲ ಅರ್ಥವಾದದ್ದು ಆಗ. ಬೆಳಗ್ಗೆಯಿಂದ ಆಡಿದ ಒಂದೊಂದು ಮಾತೂ ಹಿಂದಿನಿಂದ ಬಂದು ತಲೆಗೆ ಬಡಿಯತೊಡಗಿತು.

"ತಿಯಾನ್‌ಜಿನ್ನಿನವರ ತಮಾಷೆ ಬಾಯಿ ಬಗ್ಗೆ ಕೇಳಿದ್ದೆ" ಎಂದರು ಅವರು, ತಣ್ಣಗೆ. "ಗುರುತಿಲ್ಲದವಳನ್ನ ಒಂದಿಡೀ ದಿನ ಆಟ ಆಡಿಸ್ತಾರೆ ಅಂತ ಗೊತ್ತಿರಲಿಲ್ಲ. ಟ್ಯಾಕ್ಸಿಯವನಿಗೆ ಮೊದಲೇ ಹೇಳಿಟ್ಟಿದ್ರಾ? ದೋಸೆಯವಳಿಗೂ?"

"ನನಗೆ ತಮಾಷೆ ಮಾಡೋಕೆ ಬರಲ್ಲ" ಎಂದೆ.

"ನಿಜ ಅಕ್ಕ" ಎಂದಳು ಬಾವ್‌ಜೆನ್. "ಮೂವತ್ತೈದು ವರ್ಷದಲ್ಲಿ ನನ್ನನ್ನ ಒಂದೇ ಒಂದು ಸಲ ನಗಿಸಿಲ್ಲ ಇವರು. ಬೇಕಾದ್ರೆ ಬೀದಿಯವರನ್ನ ಕೇಳಿ."

"ಬೀದಿಯವರನ್ನ ಕೇಳಿ ಸಾಕಾಗಿದೆ. ನಾನು ಚಕ್ರದಲ್ಲಿ ಕೂತು ಅತ್ತಿದ್ದೀನಿ." ಅವರು ಪಟ್ಟಿಯನ್ನು ಎತ್ತಿ ಸುತ್ತಿ ಚೀಲಕ್ಕೆ ತುರುಕಿದರು. "ಹಿರಿಯರನ್ನ ಹೀಗೆ ಆಡಿಕೊಳ್ಳೋ ಮನೆಗೆ ಮಗನ್ನ ಹೇಗೆ ಕೊಡೋದು? ವಾಪಸ್ ರೈಲು ಎಷ್ಟು ಗಂಟೆಗಿದೆ?"

ಬಾವ್‌ಜೆನ್ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ಹೊರಗಿನ ಚಳಿಯೊಂದಿಗೆ ವೆನ್‌ಬೊ ಒಳಗೆ ಬಂದ, ಅವನ ಹಿಂದೆ ಮೆಟ್ಟಿಲಲ್ಲಿ ಇನ್ನೂ ಏದುಸಿರು ಬಿಡುತ್ತಿದ್ದ ಶೂಮಿನ್.

ಒಳಗಿನ ಸೆಕೆಗೆ ಅವನ ದಪ್ಪ ಕನ್ನಡಕ ಒಂದೇ ಕ್ಷಣದಲ್ಲಿ ಬಿಳಿಯಾಯಿತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಹಣ್ಣಿನ ಪೆಟ್ಟಿಗೆ. ಯಾರ ಮುಖವೂ ಕಾಣದೆ ಅವನು ನೇರವಾಗಿ ಕಿಟಕಿಯ ಕಡೆ ನಡೆದ. ಅಲ್ಲಿ ಕುರ್ಚಿಯ ಬೆನ್ನಿಗೆ ನನ್ನ ಹತ್ತಿಯ ಕೋಟು, ಅದರ ಮೇಲೆ ನನ್ನ ಟೋಪಿ. ಅದರ ಮುಂದೆ ನಿಂತು ಸೊಂಟ ಬಗ್ಗಿಸಿ ನಮಸ್ಕರಿಸಿದ.

"ದೊಡ್ಡಪ್ಪ, ನಾನು ವೆನ್‌ಬೊ" ಎಂದ ಗಟ್ಟಿಯಾಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ.

ಶೂಮಿನ್ ಬಾಯಿ ತೆರೆದಳು. ಅವನ ತಾಯಿ ಕೈಯೆತ್ತಿ ತಡೆದರು.

"ನೀವು ಉತ್ತರ ಕೊಡೋದು ಬೇಡ, ಆಯಾಸ ಮಾಡ್ಕೋಬೇಡಿ" ಎಂದು ಅವನು ಮುಂದುವರಿಸಿದ. ಬಾಯಿಪಾಠ ಮಾಡಿಕೊಂಡು ಬಂದದ್ದು ಗೊತ್ತಾಗುತ್ತಿತ್ತು. "ನಮ್ಮಮ್ಮ ನರ್ಸು. ಅವಳಿಗೆ ನಿಮ್ಮ ವಿಷಯದಲ್ಲಿ ಹೆದರಿಕೆ ಇದೆ. ಅವಳದ್ದೂ ತಪ್ಪಿಲ್ಲ, ಅಂಥವರನ್ನ ದಿನಾ ನೋಡಿದವಳು. ಆದ್ರೆ ನಾನು ಬಾಡಿಗೆಗೆ ಮನೆ ನೋಡಿದ್ದೀನಿ, ಕೆಳಗಿನ ಮಹಡೀದೇ. ನಿಮ್ಮ ಗಾಲಿಕುರ್ಚಿಗೆ ಮೆಟ್ಟಿಲು ಅಡ್ಡ ಬರಬಾರದು ಅಂತ. ಕಿಟಕಿ ದೊಡ್ಡದಿದೆ, ನದಿ ಕಾಣ್ಸುತ್ತೆ. ಊಟ ನಾನೇ ತಿನ್ನಿಸ್ತೀನಿ. ದಿನಾ ಬೆಳಗ್ಗೆ ಬಿಸಿನೀರು ಕಾಯಿಸಿ ನಾನೇ ಕೈಯಾರೆ ಸ್ನಾನ ಮಾಡಿಸ್ತೀನಿ."

ಒಲೆಯ ಮೇಲೆ ಸಾರಿನ ಪಾತ್ರೆ ಕೊತಕೊತ ಎನ್ನುತ್ತಿತ್ತು.

ಶೂಮಿನ್ ಕುತ್ತಿಗೆಯ ಶಾಲು ಬಿಚ್ಚುತ್ತ, "ದಿನಾ ಸ್ನಾನ ಮಾಡಿಸಿದ್ರೆ ಮೂರೇ ದಿನಕ್ಕೆ ಕರಗಿಹೋಗ್ತಾರೆ" ಎಂದಳು.

ಚುನ್‌ಲಿಂಗ್ ಅವರ ಹೊಟ್ಟೆಯಿಂದ ಒಂದು ವಿಚಿತ್ರ ಸದ್ದು ಹೊರಟಿತು. ಅವರು ಗೋಡೆ ಹಿಡಿದುಕೊಂಡರು, ಆಮೇಲೆ ನೆಲದ ಮೇಲೇ ಕೂತರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಬಾವ್‌ಜೆನ್ ಅವರ ಬೆನ್ನು ತಟ್ಟಲು ಹೋಗಿ ತಾನೂ ಪಕ್ಕದಲ್ಲಿ ಕುಸಿದಳು. ವೆನ್‌ಬೊ ಹಣ್ಣಿನ ಪೆಟ್ಟಿಗೆ ಹಿಡಿದುಕೊಂಡೇ ಕೋಟಿಗೆ ಕೇಳಿದ: "ಏನಾಯ್ತು ದೊಡ್ಡಪ್ಪ? ನಾನೇನಾದ್ರೂ ತಪ್ಪು ಹೇಳಿದ್ನಾ?"

"ಇಲ್ಲ ಕಣೋ" ಎಂದರು ಅವನ ತಾಯಿ, ಮುಖ ಒರೆಸಿಕೊಂಡು. ಎದ್ದು ಅವನ ಕನ್ನಡಕ ತೆಗೆದು ತಮ್ಮ ಕೋಟಿನ ಅಂಚಿನಿಂದ ಉಜ್ಜಿದರು. ಆಮೇಲೆ ನಮ್ಮ ಕಡೆ ತಿರುಗಿದರು. "ಇವನು ಮೆಟ್ಟಿಲು ಇಲ್ಲದ ಮನೆ ನೋಡಿದ್ದು ನನಗೇ ಹೇಳಿರಲಿಲ್ಲ. ಬೇಡ ಅಂತ ಹೇಳೋಕೆ ನನಗಿನ್ನು ಯಾವ ಬಾಯಿ ಇದೆ? ಯಾವ ತಿಂಗಳು ಇಟ್ಕೊಳ್ಳೋಣ ಹೇಳಿ. ನಮ್ಮನೆಯವರು ರಜೆ ಬರೀಬೇಕು."

"ನೂಡಲ್ಸ್ ಆರಿಹೋಗ್ತಿದೆ. ಮೊದಲು ಕೂತ್ಕೊಳ್ಳಿ" ಎಂದಳು ಬಾವ್‌ಜೆನ್.