ಇಂದ್ರೇಶನ ನೀರಿನ ಬಾಟ್ಲಿ

ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಸುತ್ತಲಿನ ಹಳ್ಳಿಗಳಿಂದ ಬರುವ ಕುಡಿಯುವ ನೀರಿನ ಸ್ಯಾಂಪಲ್‌ಗಳನ್ನು ನೋಡುವ ಅರಸೀಕೆರೆಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಕೆಮಿಸ್ಟ್. ಹಾಗಾಗಿ ಇಂದ್ರೇಶ ನಮ್ಮ ಚಿಕ್ಕಮ್ಮನ ಮೆಸ್ಸಿನಲ್ಲಿ ನೀರು ಕುಡಿಯುವುದಿಲ್ಲ ಎಂಬುದು ಕಣ್ಣಿಗೆ ಬಿದ್ದಾಗ ನನಗೆ ಮೊದಲು ಹೊಳೆದದ್ದು ಫ್ಲೋರೈಡ್.

"ಯಾಕೋ, ನೀರು ಸರಿ ಇಲ್ವಾ?" ಎಂದು ಕೇಳಿದ್ದೆ.

"ಈ ನೀರು ನನಗೆ ಆಗಲ್ಲ ಕಣೇ ಮಾಲಿನಿ. ಹೊಟ್ಟೆ ಕೆಡುತ್ತೆ" ಎಂದು ತನ್ನ ಸ್ಟೀಲ್ ಬಾಟ್ಲಿಯ ಮುಚ್ಚಳ ತಿರುಗಿಸಿದ್ದ.

ನಂಬಿದೆ. ಮೆಸ್ಸಿನ ನಲ್ಲಿಯಿಂದ ಸ್ಯಾಂಪಲ್ ಒಯ್ದು ಪರೀಕ್ಷಿಸಿದೆ. ಫ್ಲೋರೈಡ್ ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ನನ್ನ ಸಂಬಳದಲ್ಲಿ ಒಂದು ಫಿಲ್ಟರ್ ತಂದು ಗೋಡೆಗೆ ಹಾಕಿಸಿದೆ. ಫಿಲ್ಟರಿನ ನೀರನ್ನು ಮತ್ತೆ ಪರೀಕ್ಷಿಸಿ, ಯಾರಿಗೋ ಗಂಡು ಮಗು ಹುಟ್ಟಿದೆ ಎಂದು ಹೇಳುವವಳ ಉತ್ಸಾಹದಲ್ಲಿ ಅವನ ಟೇಬಲ್ಲಿನ ಹತ್ತಿರ ನಿಂತು ಫಲಿತಾಂಶ ಹೇಳಿದೆ. ಇಂದ್ರೇಶ ಮುದ್ದೆ ಮುರಿಯುತ್ತ ಪೂರ್ತಿ ಕೇಳಿಸಿಕೊಂಡ. "ನಮ್ಮ ಮೆಸ್ಸಿನ ಲೆವೆಲ್ಲೇ ಬೇರೆ ಆಯ್ತು ಬಿಡು" ಎಂದ. ಆಮೇಲೆ ಬಾಟ್ಲಿ ಎತ್ತಿ ತನ್ನ ಮನೆಯ ನೀರು ಕುಡಿದ. ಊಟವಾದ ಮೇಲೆ ಹೊರಗೆ ಹೋಗಿ, ಉಳಿದ ನೀರಿನಲ್ಲಿ ಕೈ ತೊಳೆದುಕೊಂಡ.

ಅದನ್ನೂ ನಾನು ನೋಡಿದ್ದೆ. ಆದರೂ ಕಾರಣವನ್ನು ಪೈಪಿನಲ್ಲಿ ಹುಡುಕುತ್ತಿದ್ದೆ. ವಿಜ್ಞಾನ ಓದಿದವಳು ಮಾಡುವ ಕೆಲಸವೇ ಇದು?

ಮೆಸ್ಸಿನ ಬಗ್ಗೆ ಹೇಳಬೇಕು. ಅರಸೀಕೆರೆ ಸ್ಟೇಷನ್ನಿನ ಹಿಂದೆ, ಗೂಡ್ಸ್ ಶೆಡ್ಡಿನ ರಸ್ತೆಯಲ್ಲಿ, ತಗಡಿನ ಸೂರಿನ ಒಂದೇ ಉದ್ದನೆಯ ಕೋಣೆ. ನಮ್ಮ ತಾತ ಗಂಗಯ್ಯ ರೈಲ್ವೆಯ ಗಾರ್ಡು, ಡ್ರೈವರುಗಳು ತಂಗುವ ಕಡೆ ಅಡುಗೆ ಮಾಡುತ್ತಿದ್ದವನು. ಹಂದಿಯ ಇಡೀ ತೊಡೆಯನ್ನು ಉಪ್ಪಿನಲ್ಲಿ ಹದ ಮಾಡುವುದನ್ನು ಕ್ರಿಸ್‌ಮಸ್ಸಿಗೆ ಹ್ಯಾಮ್ ಬೇಕೆನ್ನುತ್ತಿದ್ದ ಹಳೆಯ ಗಾರ್ಡೊಬ್ಬ ಅವನಿಗೆ ಕಲಿಸಿದ. ಒಲೆಯ ಮೇಲೆ ಬಾಡು ತೂಗುಹಾಕಿ ಒಣಗಿಸುವುದು ನಮ್ಮ ಮನೆಗಳಲ್ಲಿ ಮೊದಲೇ ಇತ್ತು. ತಾತ ಎರಡನ್ನೂ ಸೇರಿಸಿದ. ಅವನ ಮಗಳು, ನನ್ನ ಚಿಕ್ಕಮ್ಮ ಮುನಿಯಮ್ಮ, ಇವತ್ತಿಗೂ ತೊಡೆಗೆ ಉಪ್ಪು, ಬೆಲ್ಲ, ಮೆಣಸು, ಬೆಳ್ಳುಳ್ಳಿ ತಿಕ್ಕಿ, ಜಾಡಿಯಲ್ಲಿ ಕಲ್ಲು ಹೇರಿ ಇಟ್ಟು, ಆಮೇಲೆ ತೆಂಗಿನ ಚಿಪ್ಪಿನ ಹೊಗೆಯಲ್ಲಿ ತೂಗುಹಾಕುತ್ತಾಳೆ. ಊರಿನವರು ಅದನ್ನು ಹೊಗೆ ಬಾಡು ಎನ್ನುತ್ತಾರೆ. ತೆಳ್ಳಗೆ ಕೊಯ್ದು, ಕರಿಬೇವು, ಕಾಯಿಚೂರಿನ ಜೊತೆ ಹೆಂಚಿನ ಮೇಲೆ ಬಾಡಿಸಿ, ಮುದ್ದೆಯ ಪಕ್ಕಕ್ಕೆ ಹಾಕಿಕೊಟ್ಟರೆ ಮಾತು ನಿಂತುಹೋಗುತ್ತದೆ.

ಅಗ್ಗ. ಹಮಾಲಿ ಮಾಡುವವರೂ ದಿನಾ ತಿನ್ನುವಷ್ಟು ಅಗ್ಗ. ಆದರೆ ಜನ ಬರುವುದು ಅದಕ್ಕೊಂದಕ್ಕೇ ಅಲ್ಲ. ಚಿಕ್ಕಮ್ಮ ಬಡಿಸುತ್ತ ಎಲ್ಲರನ್ನೂ ಬೈಯುತ್ತಾಳೆ. "ಏನಯ್ಯಾ ದೇವೀರಪ್ಪ, ಮೂಟೆ ಹೊತ್ತು ಬಂದ್ಯೋ, ಮೂಟೆನೇ ನಿನ್ನ ಹೊತ್ಕಂಡ್ ಬಂತೋ?" ಎಂದು ಕೇಳಿ, ಅವನು ನಗುವಷ್ಟರಲ್ಲಿ ಇನ್ನೊಂದು ಸೌಟು ಸಾರು ಬಿಟ್ಟಿರುತ್ತಾಳೆ. ಮುಖ ಬಾಡಿದವರ ಮುದ್ದೆಯ ಅಡಿಯಲ್ಲಿ ಒಂದು ತುಂಡು ಬಚ್ಚಿಟ್ಟಿರುತ್ತಾಳೆ. ಅದನ್ನು ಕಂಡುಕೊಂಡವರು ಏನೂ ಹೇಳಬಾರದು, ತಿನ್ನಬೇಕು. ಅದು ಅಲ್ಲಿನ ರೂಢಿ.

ಆ ಹೊಗೆಯ ತೆಂಗಿನ ಚಿಪ್ಪು ಬರುವುದು ಗಂಗಾಧರಪ್ಪನವರ ಕೊಬ್ಬರಿ ಮಂಡಿಯಿಂದ. ಇಂದ್ರೇಶ ಅವರ ಮಗ. ಬಿಎಸ್ಸಿಯಲ್ಲಿ ನನ್ನ ಕ್ಲಾಸ್‌ಮೇಟ್. ಅವರದು ಮಠಕ್ಕೆ ನಡೆದುಕೊಳ್ಳುವ, ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಕಾಲೇಜು ದಿನಗಳಲ್ಲಿ ನಾನೇ ಅವನನ್ನು ಮೆಸ್ಸಿಗೆ ಕರೆದುಕೊಂಡು ಹೋಗಿದ್ದೆ. ಅವತ್ತಿನಿಂದ ಬಿಟ್ಟಿಲ್ಲ. ಚಿಕ್ಕಮ್ಮನನ್ನು "ಮುನಿಯಕ್ಕ" ಎನ್ನುತ್ತಾನೆ. ಮೆಸ್ಸನ್ನು "ನಮ್ಮ ಮೆಸ್" ಎನ್ನುತ್ತಾನೆ.

ಈ ಬೇಸಿಗೆಯಲ್ಲಿ ಅವನು ಒಂದು ಸುದ್ದಿ ತಂದ. ಹಗರೆಯಿಂದ ಹಳೇಬೀಡಿಗೆ ಹೋಗುವ ರಸ್ತೆಯಲ್ಲಿ, ಹುಲಿಕೆರೆಗೆ ತಿರುಗುವ ಕಡೆ, ಹೋಟೆಲ್ ಕಟ್ಟಿಸುತ್ತಿದ್ದ.

"ಅಕ್ಕ, ದೇವಸ್ಥಾನ ನೋಡಿ, ಕಲ್ಯಾಣಿ ನೋಡಿ ಬಂದೋರು ಹಸ್ಕೊಂಡಿರ್ತಾರೆ. ನಿಮ್ಮ ಕೈರುಚಿ ಅಲ್ಲಿಗೆ ಬರಲಿ. ನೀವು ಪಾರ್ಟ್‌ನರ್. ಈ ತಗಡಿನ ಕೆಳಗೆ ಎಷ್ಟು ದಿನ ಬೇಯ್ತೀರಾ?"

ಚಿಕ್ಕಮ್ಮನಿಗೆ ಮಂಡಿನೋವು. ಗ್ರಾನೈಟ್ ಕಟ್ಟೆ, ನಿಂತುಕೊಂಡೇ ಉರಿಸುವ ಒಲೆ, ಜಾರದ ನೆಲ ಎಂದು ಇಂದ್ರೇಶ ಒಂದೊಂದೇ ಹೇಳುತ್ತಿದ್ದರೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಹುಡುಗಿಯ ಹಾಗೆ ನಗುತ್ತಿದ್ದಳು. ತಿಂಗಳ ಕೊನೆಗೆ ಮೆಸ್ ಖಾಲಿ ಮಾಡುತ್ತೇನೆಂದು ಮಳಿಗೆಯ ಮಾಲೀಕರಿಗೆ ಹೇಳಿಯೂ ಬಂದಳು.

"ದೇವರಂಥ ಹುಡುಗ ಕಣೇ. ಹೊಟ್ಟೆ ಒಂದು ನಾಜೂಕು, ಪಾಪ" ಎಂದಳು ನನಗೆ.

ಹೋಟೆಲಿನ ಬೋರ್‌ವೆಲ್ ನೀರನ್ನು ಪರೀಕ್ಷಿಸಬೇಕೆಂದು ಇಂದ್ರೇಶನೇ ಕೇಳಿದ್ದರಿಂದ ಒಂದು ಭಾನುವಾರ ನಾನು ಅಲ್ಲಿಗೆ ಹೋದೆ. ಅವನು ಮಂಡಿಯ ಕೆಲಸದಲ್ಲಿದ್ದ. ಪ್ಲಂಬರ್ ಧರ್ಮೇಶ್ ಕಟ್ಟಡ ತೋರಿಸಿದ. ಮುಂದೆ ದೊಡ್ಡ ಹಾಲ್, ಅದಕ್ಕೆ ಅಂಟಿದಂತೆ ಅಡುಗೆಮನೆ. ಹಿಂದೆ ಅಂಗಳ ದಾಟಿದರೆ ಒಂದು ಶೆಡ್. ಶೆಡ್ಡಿಗೂ ಹಾಲ್‌ಗೂ ನಡುವೆ ಉದ್ದನೆಯ ಗೋಡೆ, ಗೋಡೆಯಲ್ಲಿ ತಟ್ಟೆ ದಾಟಿಸುವಷ್ಟು ಅಗಲದ ಒಂದು ಕಿಟಕಿ. ಬಾಗಿಲಿರಲಿಲ್ಲ.

"ಇದು ನಿಮ್ಮ ಚಿಕ್ಕಮ್ಮಾರ ಅಡುಗೆಮನೆ ಮೇಡಂ" ಎಂದ ಧರ್ಮೇಶ್, ಶೆಡ್ಡಿನ ಕಡೆ ಕೈ ತೋರಿಸಿ. "ಮುಂದ್ಗಡೆ ಚಿಕನ್ನು, ಮಟನ್ನು. ಹಾಸನದಿಂದ ಕುಕ್ ಬತ್ತಾನೆ."

ಹಂದಿ ತಿನ್ನದ ಗಿರಾಕಿಗಳೂ ಬರುತ್ತಾರೆ, ಒಲೆ ಬೇರೆ, ಪಾತ್ರೆ ಬೇರೆ ಇರಲಿ ಎಂದುಕೊಂಡೆ. ಆಮೇಲೆ ತಲೆ ಎತ್ತಿ ನೋಡಿದೆ. ಹಾಲ್‌ನ ಮೇಲೊಂದು ಟ್ಯಾಂಕ್, ಶೆಡ್ಡಿನ ಮೇಲೊಂದು ಸಣ್ಣ ಟ್ಯಾಂಕ್.

"ಎರಡು ಬೋರ್ ಇದೆಯಾ?"

"ಇಲ್ಲ ಮೇಡಂ, ಒಂದೇ ಬೋರು."

"ಮತ್ತೆ ಟ್ಯಾಂಕ್ ಯಾಕೆ ಎರಡು?"

ಅವನು ಕತ್ತು ಕೆರೆದುಕೊಂಡ. "ಅದು… ನಿಮಗೂ ಗೊತ್ತಲ್ವ ಮೇಡಂ. ನೀರು ಬೆರೀಬಾರ್ದು ಅಂತ. ಶೆಡ್ಡಿಂದ ಮುಂದಕ್ಕೆ ವಾಪಸ್ ಹರೀದಂಗೆ ವಾಲ್ವ್ ಬೇರೆ ಹಾಕ್ಸವ್ರೆ."

"ಯಾರು, ಇಂದ್ರೇಶನ ತಾಯಿಯವರಾ?"

"ಅಯ್ಯೋ, ಶಿವಗಂಗಮ್ಮನೋರಿಗೆ ಈ ಹೋಟ್ಲು ಕಟ್ಟಿಸ್ತಿರೋದೇ ಗೊತ್ತಿಲ್ವಂತೆ. ಇಂದ್ರೇಶಣ್ಣನೇ ಪ್ಲ್ಯಾನ್‌ನಾಗೆ ಹಾಕ್ಸವ್ರೆ."

ಬೋರ್‌ವೆಲ್ಲಿನ ಸ್ಯಾಂಪಲ್ ಸಾಕಿತ್ತು. ಆದರೂ ಎರಡು ಟ್ಯಾಂಕುಗಳಿಂದಲೂ ಬೇರೆ ಬೇರೆ ಬಾಟ್ಲಿ ತುಂಬಿಸಿಕೊಂಡೆ. ಬಸ್ಸಿನಲ್ಲಿ ಅವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಗ, ಫಿಲ್ಟರಿನ ಫಲಿತಾಂಶ ಕೇಳುತ್ತ ಮುದ್ದೆ ಮುರಿಯುತ್ತಿದ್ದ ಅವನ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಎಷ್ಟು ತಾಳ್ಮೆಯಿಂದ ಕೇಳಿಸಿಕೊಂಡಿದ್ದ! ಒಳಗೊಳಗೆ ಎಷ್ಟು ನಕ್ಕಿರಬೇಕು!

ಲ್ಯಾಬಿನಲ್ಲಿ ಎರಡನ್ನೂ ಪರೀಕ್ಷಿಸಿದೆ. ಒಂದೇ ನೀರು. ಬೇರೆ ಬರುವುದಿಲ್ಲವೆಂದು ಗೊತ್ತಿದ್ದೂ ಮತ್ತೊಂದು ಸಲ ಮಾಡಿದೆ.

ಮಾರನೆಯ ಮಧ್ಯಾಹ್ನ ಮೆಸ್ ತುಂಬಿತ್ತು. ಇಂದ್ರೇಶ ಫ್ಯಾನಿನ ಕೆಳಗಿನ ತನ್ನ ಜಾಗದಲ್ಲಿ ಕೂತು, ಹೊಗೆ ಬಾಡಿನ ಕೊನೆಯ ತುಂಡಿನಿಂದ ತಟ್ಟೆ ಒರೆಸುತ್ತಿದ್ದ. ಪಕ್ಕದಲ್ಲಿ ಸ್ಟೀಲ್ ಬಾಟ್ಲಿ. ನಾನು ನನ್ನ ಎರಡು ಬಾಟ್ಲಿಗಳನ್ನು ಅವನ ಮುಂದಿಟ್ಟೆ.

"ಓ, ರಿಪೋರ್ಟ್ ಬಂತಾ? ಪಾಸ್ ತಾನೆ?"

"ಎರಡೂ ಪಾಸ್. ಇದರಲ್ಲಿ ನಿನ್ನದು ಯಾವುದು, ಚಿಕ್ಕಮ್ಮಂದು ಯಾವುದು ಹೇಳು."

ಅವನ ನಗು ಮುಖದ ಮೇಲೆಯೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು. "ಆಮೇಲೆ ಮಾತಾಡೋಣ ಕಣೇ."

"ಈಗಲೇ ಹೇಳು. ಒಂದೇ ಬೋರಿಗೆ ಎರಡು ಟ್ಯಾಂಕ್ ಯಾಕೆ?"

ದೇವೀರಪ್ಪ ಪಕ್ಕದ ಟೇಬಲ್ಲಿನಿಂದ, "ಊಟದ ಹೊತ್ತಲ್ಲಿ ಎಂತದ್ದವ್ವ ಇದು ನೀರಿನ ಪಂಚಾಯ್ತಿ?" ಎಂದ. ಯಾರೂ ನಗಲಿಲ್ಲ.

ಚಿಕ್ಕಮ್ಮ ಸೌಟು ಹಿಡಿದೇ ಬಂದಳು. ಬಂದವಳು ನನ್ನನ್ನೇ ಗದರಿದಳು. "ಏಯ್ ಮಾಲಿನಿ, ಉಣ್ಣೋರ ಮುಂದೆ ಹಿಂಗೆ ನಿಲ್ತಾರೇನೇ? ನಿನ್ನ ಬಾಟ್ಲಿ ಎತ್ಕ."

"ಚಿಕ್ಕಮ್ಮ, ನಿನಗೆ ಅಲ್ಲಿ ಬೇರೆ ಟ್ಯಾಂಕ್ ಹಾಕಿಸಿದ್ದಾನೆ. ನಿನ್ನ ನೀರು ಮುಂದಿನ ನೀರಿಗೆ ಬೆರೆಯಬಾರದಂತೆ. ನಿನ್ನ ಶೆಡ್ಡಿನಿಂದ ಹಾಲ್‌ಗೆ ಬಾಗಿಲೂ ಇಲ್ಲ. ಒಂದು ಕಿಟಕಿ ಇದೆ, ತಟ್ಟೆ ದಾಟಿಸೋಕೆ."

ಅವಳು ಇಂದ್ರೇಶನ ಕಡೆ ತಿರುಗಿದಳು. ಇಲ್ಲ ಎನ್ನಲಿ ಎಂದು ಕಾಯುತ್ತಿದ್ದಳು.

"ಹಂಗಲ್ಲ ಅಕ್ಕ" ಎಂದ ಅವನು. "ಅಮ್ಮ ಏನಾದ್ರೂ ಬಂದ್ರೆ, ಅವರಿಗೆ ಬೇಜಾರಾಗ್ಬಾರ್ದು ಅಂತ…"

"ನಿಮ್ಮಮ್ಮನಿಗೆ ಹೋಟೆಲ್ ಇರೋದೇ ಗೊತ್ತಿಲ್ಲ" ಎಂದೆ. "ಅವರ ಹೆಸರು ಎತ್ತಬೇಡ. ಈ ಬಾಟ್ಲೀನೂ ಅವರೇ ಕೊಟ್ಟು ಕಳಿಸ್ತಾರಾ ದಿನಾ?"

ಅವನಿಗೆ ಸಿಟ್ಟು ಬಂತು. ದನಿ ಏರಿತು. "ನಾನು ಇಲ್ಲಿ ಕೂತು ತಿಂತಾ ಇಲ್ವೇನೇ? ನಮ್ಮ ಪೈಕಿ ಇನ್ಯಾರು ಬಂದು ತಿಂತಾರೆ ತೋರಿಸು ನೋಡೋಣ! ಇಷ್ಟೆಲ್ಲ ಮಾಡೋನಿಗೆ ಇದಾ ಮರ್ಯಾದೆ?"

ಹೆಂಚಿನ ಮೇಲೆ ಏನೋ ಸೀಯುತ್ತಿತ್ತು. ಯಾರೂ ಏಳಲಿಲ್ಲ. ಇಷ್ಟೆಲ್ಲ ಮಾಡೋನಿಗೆ! ಇಷ್ಟು ವರ್ಷ ಬೆರಳು ಚೀಪಿಕೊಂಡು ತಿಂದದ್ದನ್ನು ಅವನು ನಮಗೆ ಮಾಡುತ್ತಿದ್ದ ಉಪಕಾರ ಎಂದುಕೊಂಡಿದ್ದ.

ಚಿಕ್ಕಮ್ಮ ಸೌಟು ಕೆಳಗಿಟ್ಟಳು. ಒಂದು ಲೋಟ ತೆಗೆದುಕೊಂಡು ಫಿಲ್ಟರಿನಿಂದ ನೀರು ಹಿಡಿದು ತಂದು ಅವನ ತಟ್ಟೆಯ ಪಕ್ಕ ಇಟ್ಟಳು.

"ಕುಡಿ ಇಂದ್ರೇಶಪ್ಪ. ಜಾಸ್ತಿ ಮಾತು ಬ್ಯಾಡ. ಇದನ್ನ ಕುಡಿ, ನಾಳೇನೇ ಗಂಟುಮೂಟೆ ಕಟ್ಕಂಡು ಹುಲಿಕೆರೆಗೆ ಬತ್ತೀನಿ. ಟ್ಯಾಂಕು ಎಲ್ಲಾರ ಇರ್ಲಿ, ನಾ ಕೇಳಾಕಿಲ್ಲ."

ಅವಳು ನಿಜವಾಗಿಯೂ ಹೋಗುತ್ತಿದ್ದಳು. ಅದು ನನಗೆ ಅವಳ ದನಿಯಲ್ಲೇ ತಿಳಿಯಿತು. ಅಷ್ಟು ಆಸೆ ಇತ್ತು ಅವಳಿಗೆ ಆ ಅಡುಗೆಮನೆಯ ಮೇಲೆ, ಅಷ್ಟು ಪ್ರೀತಿ ಇತ್ತು ಅವನ ಮೇಲೆ.

ಇಂದ್ರೇಶ ಲೋಟ ನೋಡಿದ. ಸುತ್ತ ಕೂತವರನ್ನು ನೋಡಿದ. "ನನ್ನ ಬಾಟ್ಲಿ ಇದೆಯಲ್ಲ ಅಕ್ಕ" ಎಂದ, ಮೆಲ್ಲಗೆ.

ಚಿಕ್ಕಮ್ಮ ಕೈ ಚಾಚಿ ಆ ಸ್ಟೀಲ್ ಬಾಟ್ಲಿ ಎತ್ತಿಕೊಂಡಳು. ಮುಚ್ಚಳ ತೆಗೆದಳು. ಎತ್ತಿ ಕುಡಿಯಲಿಲ್ಲ. ಬಾಯಿಗಿಟ್ಟು ಕಚ್ಚಿಕೊಂಡು, ಗಂಟಲು ಗಟಗಟ ಎನ್ನುವಂತೆ ಕುಡಿದಳು. ಸೆರಗಿನಿಂದ ತುಟಿ ಒರೆಸಿಕೊಂಡು, ಮುಚ್ಚಳ ಬಿಗಿದು, ಅಲ್ಲೇ ಇಟ್ಟಳು.

"ತಗೋ. ನಿಂದೇ ನೀರು."

ಅವನು ಅದನ್ನು ಮುಟ್ಟಲಿಲ್ಲ. ಎದ್ದ. ಮೂಲೆಯಲ್ಲಿ ನಲ್ಲಿ ಇತ್ತು, ಅತ್ತ ಹೋಗಲಿಲ್ಲ. ಸಾರು ಮೆತ್ತಿದ ಬಲಗೈಯನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡು ಹೊರಗೆ ನಡೆದ. ಎಡಗೈಯಲ್ಲಿ ಕಾರಿನ ಬಾಗಿಲು ತೆರೆಯಲು ಒದ್ದಾಡುವುದು ನಮಗೆಲ್ಲ ಕಾಣುತ್ತಿತ್ತು. ಕಾರು ಹೋದ ಮೇಲೆ ದೇವೀರಪ್ಪ ಎದ್ದು ಬಂದು ಆ ಬಾಟ್ಲಿಯಲ್ಲಿ ಉಳಿದ ನೀರನ್ನು ಕುಡಿದ.

"ತಣ್ಣಗೈತೆ. ಆದ್ರೆ ಬೋ ಸಪ್ಪೆ ಕಣಮ್ಮೋ" ಎಂದ.

ಈ ಸಲ ಎಲ್ಲರೂ ನಕ್ಕರು. ಚಿಕ್ಕಮ್ಮ ನಗಲಿಲ್ಲ. ಇಂದ್ರೇಶನ ತಟ್ಟೆ ಎತ್ತಿ ನೋಡಿದಳು. ತೊಳೆದಿಟ್ಟಂತೆ ಖಾಲಿ. "ಒಂದು ಚೂರಾರ ಬಿಟ್ಟವ್ನಾ ನೋಡು" ಎಂದು ಅದನ್ನು ತೊಟ್ಟಿಗೆ ಎಸೆದಳು. ತಟ್ಟೆ ಬಿದ್ದ ಸದ್ದಿಗೆ ಬೀದಿಯವರೂ ತಿರುಗಿ ನೋಡಿದರು.

"ಸಮಾಧಾನ ಆಯ್ತಾ ನಿಂಗೆ?" ಎಂದು ನನ್ನ ಮೇಲೆ ತಿರುಗಿದಳು. "ನಿಂತ್ಕಂಡು ಅಡುಗೆ ಮಾಡ್ಬೋದಿತ್ತು ಕಣೇ ನಾನು. ಈ ಮಂಡಿ ಇಟ್ಕಂಡು ಇನ್ನೆಷ್ಟು ವರ್ಷ ಈ ಒಲೆ ಮುಂದೆ ಕೂರ್ಲಿ?" ಹಾಗೆಂದವಳೇ ಸೀದುಹೋದ ಹೆಂಚು ಕೆರೆಯಲು ಹೋದಳು. ಸಂಜೆ ಮಾಲೀಕರ ಮನೆಗೆ ಹೋಗಿ, ತಾನು ಎಲ್ಲಿಗೂ ಹೋಗುವುದಿಲ್ಲವೆಂದು ಹೇಳಿ ಬಂದಳು.

ಆ ವಾರವೇ ಕೊಬ್ಬರಿ ಮಂಡಿಯಿಂದ ತೆಂಗಿನ ಚಿಪ್ಪು ಬರುವುದು ನಿಂತಿತು. ಈಗ ಚಿಕ್ಕಮ್ಮ ಬೇರೆ ಕಡೆಯಿಂದ ತರಿಸುತ್ತಾಳೆ. ಆದರೆ ಒಂದು ಮಧ್ಯಾಹ್ನ ಇಂದ್ರೇಶನ ಡ್ರೈವರ್ ಬಂದ. ಕಾರನ್ನು ದೂರ ನಿಲ್ಲಿಸಿ, ಬಾಗಿಲಿನ ಹೊರಗೇ ನಿಂತು, "ಹೊಗೆ ಬಾಡು ಒಂದು ಪಾರ್ಸಲ್" ಎಂದ. ಯಾರಿಗೆ ಎಂದು ಹೇಳಲಿಲ್ಲ.

"ಪಾರ್ಸಲ್ ಇಲ್ಲ" ಎಂದಳು ಚಿಕ್ಕಮ್ಮ. "ತಿನ್ನೋರು ಬಂದು ಕೂತ್ಕಂಡು ತಿನ್ಲಿ. ನೀರೂ ಇಲ್ಲೀದೇ ಕುಡೀಲಿ."

ಅವನು ಹೋದ ಮೇಲೆ ದೇವೀರಪ್ಪ ತಲೆ ಕೆರೆದುಕೊಂಡ. "ಅಲ್ಲಮ್ಮ, ಅವ್ರಿಗೆ ಇಲ್ಲ, ಸರಿ. ನಮ್ಮ ಮನೇಗೆ ಶನಿವಾರದ ಪಾರ್ಸಲ್ಲು?"

"ಯಾರಿಗೂ ಇಲ್ಲ."

"ನನ್ನ ಹೆಂಡ್ತಿ ಹುಚ್ಚಮ್ಮ ನನ್ನ ಸುಮ್ನೆ ಬಿಟ್ಟಾಳಾ?"

"ಕರ್ಕಂಡ್ ಬಾ ಅವಳ್ನ" ಎಂದಳು ಚಿಕ್ಕಮ್ಮ, ತೊಡೆಯನ್ನು ಕೊಕ್ಕೆಯಿಂದ ಇಳಿಸುತ್ತ. "ಆ ಫ್ಯಾನಿನ ಕೆಳಗಿನ ಜಾಗ ಖಾಲಿ ಐತೆ."