ಹುಬ್ಬು ನೆಡುವ ಕೆಲಸ

ಹನ್ನೊಂದಕ್ಕೆ ಶೂಟಿಂಗ್. ಈಗಾಗಲೇ ಒಂಬತ್ತಾಗಿತ್ತು, ರಬ್ಬರ್ ಮುಖವಾಡಕ್ಕೆ ಇನ್ನೂ ಹುಬ್ಬಿರಲಿಲ್ಲ. ಸೂಜಿಯಿಂದ ಒಂದೊಂದೇ ಕೂದಲು ಚುಚ್ಚಿ ನೆಡುವ ಕೈ ಇಡೀ ಊರಿಗೆ ಒಂದೇ, ಅದು ಅಕ್ಕನದು. ಮೇಕಪ್ ಮಾಡುವ ತಮ್ಮ ಮಾತ್ರ ಮೂರು ವಾರದಿಂದ ಮುಖವಾಡದ ಡಬ್ಬಿಯನ್ನು ಅವಳ ಕಣ್ಣಿಗೆ ಬೀಳದಂತೆ ಬಚ್ಚಿಟ್ಟಿದ್ದ.

ನೋಡಿದವರು ಕಿರುಚಬೇಕು, ಅಂಥ ಮುಖ ಮಾಡು ಎಂದಿದ್ದರು ನಿರ್ದೇಶಕರು. ಅಚ್ಚಿಗೆಂದು ತಮ್ಮ ಮಣ್ಣು ಹಿಡಿದು ಕೂತಾಗ ಕೈ ತನ್ನ ಪಾಡಿಗೆ ತಾನು ಗೊತ್ತಿದ್ದ ದಾರಿ ಹಿಡಿದಿತ್ತು. ಎಡಗೆನ್ನೆ ತುಂಬ ಗಂಟು, ಕಣ್ಣು ಮುಚ್ಚುವಷ್ಟು ಜೋತುಬಿದ್ದ ರೆಪ್ಪೆ. ಹುಟ್ಟಿದಾಗಿನಿಂದ ನೋಡುತ್ತ ಬಂದ ಅಕ್ಕನ ಮುಖ. ಅದು ಅವನಿಗೆ ಹೊಳೆಯುವಷ್ಟರಲ್ಲಿ ನಿರ್ದೇಶಕರು ಬೆನ್ನು ತಟ್ಟಿಯಾಗಿತ್ತು. ಬೇರೆ ಮಾಡಿಕೊಡುತ್ತೇನೆ ಎನ್ನಲು ಈ ಮಹಾಶಯನಿಗೆ ಬಾಯಿ ಬರಲಿಲ್ಲ. ಅಕ್ಕ ಗುರುತು ಹಿಡಿದರೆ ಇನ್ನು ಯಾವ ಮುಖ ಹೊತ್ತು ಅವಳೆದುರು ನಿಲ್ಲುವುದು?

ಕೊನೆಗೆ ಬೇರೆ ದಾರಿಯಿಲ್ಲದೆ ಅವನು ಮುಂದಿಟ್ಟ ಡಬ್ಬಿಯನ್ನು ಅಕ್ಕ ತೆರೆದಳು. ಬೆರಳಿನಿಂದ ಒಂದೊಂದೇ ಗಂಟನ್ನು ಸವರಿದಳು.

"ಕಥೇಲಿ ಇವನು ಏನ್ಮಾಡ್ತಾನೆ?"

"ಕೊಲೆ."

"ಯಾಕೆ?"

"ಮುಖ ಹೀಗಿದೆ ಅಂತ."

"ಇಷ್ಟಕ್ಕೆಲ್ಲ ಕೊಲೆ ಮಾಡೋದಾದ್ರೆ ಈ ಬೀದೀಲಿ ಒಬ್ಬರೂ ಉಳೀತಿರಲಿಲ್ಲ ಬಿಡು," ಎಂದಳು ಅಕ್ಕ. "ಹಾಕ್ಕೋ. ಮುಖದ ಮೇಲಿದ್ರೇನೇ ಹುಬ್ಬಿನ ಅಳತೆ ಸಿಗೋದು."

ಹಾಕಿಕೊಂಡ. ಸೂಜಿ ಕಣ್ಣಿನ ಹತ್ತಿರಕ್ಕೆ ಬಂದು ಬಂದು ಹೋಗುತ್ತಿತ್ತು. ಅವಳು ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹತ್ತೂಕಾಲಿಗೆ ಕೊನೆಯ ಕೂದಲು ನೆಟ್ಟು, ಗೋಡೆಯ ಮೊಳೆಯಲ್ಲಿದ್ದ ಚೀಲ ತೆಗೆದು ಅವನ ಕೈಗಿಟ್ಟಳು. "ಮೂಲೆ ಅಂಗಡಿಗೆ ಹೋಗಿ ಹಾಲು ತಗೊಂಡು ಬಾ."

"ಇದನ್ನ ಹಾಕ್ಕೊಂಡಾ?"

"ನಾನು ದಿನಾ ಹಾಕ್ಕೊಂಡೇ ಹೋಗ್ತೀನಲ್ಲ."

ಅವನು ಚಿಲಕದ ಮೇಲೆ ಕೈಯಿಟ್ಟ. ಹೊರಗೆ ಯಾರೋ ನಗುತ್ತ ಮಾತಾಡಿಕೊಂಡು ಹೋಗುತ್ತಿದ್ದರು. ಹತ್ತು ಹೆಜ್ಜೆಯ ದಾರಿ, ಆದರೂ ಕಾಲು ಏಳಲಿಲ್ಲ. ರಬ್ಬರಿನೊಳಗೆ ಬೆವರು ಇಳಿಯಿತು. ನಾಚಿಕೆಯಿಂದ ಅವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಅಕ್ಕ ಸ್ವಲ್ಪ ಹೊತ್ತು ಕಾದಳು. ಆಮೇಲೆ ಅವನ ಕೈಯಿಂದ ಚೀಲ ಬಿಡಿಸಿಕೊಂಡಳು.

"ಪಕ್ಕಕ್ಕೆ ನಿಂತ್ಕೋ. ಬಾಗಿಲು ತೆಗೆದಾಗ ಯಾರಾದ್ರೂ ನಿನ್ನ ನೋಡಿಬಿಟ್ಟಾರು," ಎಂದು ಚಿಲಕ ತೆಗೆದು ಬೀದಿಗಿಳಿದಳು.