ಕೀಲಕ ಸಂವತ್ಸರದ ಚೈತ್ರ

ರಾಹೇಲ ಟೀಚರು ಹುಬ್ಬಳ್ಳಿಯ ಕಂಚಗಾರ ಗಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯಾಧ್ಯಾಪಕಿ, ನಲವತ್ಮೂರರ ಗಟ್ಟಿಗಿತ್ತಿ, ಹಿತ್ತಾಳೆಯ ಮೇಜಿನ ದೀಪವೊಂದನ್ನು ಸೆರಗಿನಡಿ ಮುಚ್ಚಿಕೊಂಡು ಕಳ್ಳಮಾಲು ತಂದವಳಂತೆ ನಡೆದಿದ್ದಳು. ಅವಳ ಮಟ್ಟಿಗೆ ಅದು ಕಳ್ಳಮಾಲೇ.

ಅದು ೧೯೩೮ನೆಯ ಇಸವಿ. ಮಿಶನ್ ಶಾಲೆಗಳಲ್ಲಿ ದುಡಿದು ತೀರಿಕೊಂಡ ಮಾಸ್ತರರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಸಿ ಚರ್ಚಿನ ಗೋಡೆಗೆ ಕೂಡಿಸುವುದಿತ್ತು. ಅವಳಪ್ಪ ಸತ್ಯಾನಂದ ಮಾಸ್ತರರ ಹೆಸರು ಹಾಕುವುದೋ ಬಿಡುವುದೋ ಎಂದು ಪಾಸ್ಟರ್ ಸಾಲೋಮನ್ ಅವಳನ್ನೇ ಕೇಳಿದ್ದರು. ಬಿಟ್ಟುಬಿಡಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಯಾಕೋ ಬಾಯಿ ಬರದೆ, ಎರಡು ದಿನ ಕೊಡಿ ಎಂದಿದ್ದಳು.

೧೯೦೯ರ ಫೆಬ್ರವರಿಯಲ್ಲಿ ಪಾದ್ರಿಯ ಬಂಗಲೆಯಿಂದ ಇಂಥದೇ ದೀಪ ಕಳುವಾಗಿತ್ತು. ಜೂನಿನಲ್ಲಿ ಸತ್ಯಾನಂದರ ಮೇಜಿನ ಮೇಲೆ ಇದು ಕಂಡಿತು. "ಇದು ನಂದ್ರಿ. ಹಳೇದು ತಗೊಂಡು ರಿಪೇರಿ ಮಾಡಿಸೇನಿ, ಕಳುವಾಗೂಕಿಂತ ಎಷ್ಟೋ ಮೊದಲ" ಎಂದು ಅವರು ಬಡಕೊಂಡರು. ದೀಪ ಮಗುಚಿ ನೋಡಿದರೆ ತಳದಲ್ಲಿ ರಿಪೇರಿಯವನು 'ಕೀಲಕ ಚೈತ್ರ' ಎಂದು ಗೀಚಿದ್ದ. ಗೀಚಿದವನನ್ನೇ ಕರೆಸಿ ಕೇಳುವ ಬುದ್ಧಿ ಆ ದೊಡ್ಡಮನುಷ್ಯರಲ್ಲಿ ಒಬ್ಬರಿಗಾದರೂ ಬರಬೇಕಲ್ಲ! ಕೀಲಕವೆಂದರೆ ಯಾವ ಇಸವಿ ಎಂದು ಪಾದ್ರಿಯವರು ಶಾಲೆಯ ಜಾಣ ಹುಡುಗಿಯನ್ನು ಕೇಳಿದರು. ಹದಿನಾಲ್ಕರ ರಾಹೇಲ ಓಡಿಹೋಗಿ, ಗೋಡೆಯ ಕ್ಯಾಲೆಂಡರಿನ ಜನವರಿ ಹಾಳೆ ತೆರೆದು, ಅಲ್ಲಿ 'ಕೀಲಕ' ಎಂದಿದ್ದುದನ್ನು ನೋಡಿ ಬಂದು, "ಇದೇ ವರ್ಷರಿ, ಒಂಬತ್ತು" ಎಂದಳು. ಚೈತ್ರವೆಂದರೆ ಏಪ್ರಿಲ್ ಎಂಬುದೂ ಅವಳಿಗೆ ಗೊತ್ತಿತ್ತು. ಫೆಬ್ರವರಿಯಲ್ಲಿ ಕಳವು, ಏಪ್ರಿಲಿನಲ್ಲಿ ರಿಪೇರಿ. ಅಷ್ಟು ಸಾಕಾಯಿತು. ಅಪ್ಪನ ನೌಕರಿ ಹೋಯಿತು. ಮಗಳನ್ನು ಬೇರೆ ಊರಿನ ಬೋರ್ಡಿಂಗಿಗೆ ಕಳಿಸಿದರು. ಅಪ್ಪ ಸಾಯುವವರೆಗೆ ಹತ್ತಿಯ ಮಿಲ್ಲಿನಲ್ಲಿ ಅರಳೆ ಮೂಟೆಯ ಅಂಡಿಗೆ ತೂಗಿದರು. ಜಪ್ತಾಗಿ ಚರ್ಚಿನ ಕಪಾಟಿನಲ್ಲಿ ಬಿದ್ದಿದ್ದ ದೀಪವನ್ನು ಈಗ ಪಾಸ್ಟರರಿಂದ ಇಸಿದುಕೊಂಡು, ಅದನ್ನು ರಿಪೇರಿ ಮಾಡಿದವನನ್ನು ಹುಡುಕಿ ಅವಳು ಬಂದಿದ್ದಳು.

ಕಂಚಗಾರ ಗುರುಶಿದ್ದಪ್ಪನಿಗೆ ಎಪ್ಪತ್ತು ದಾಟಿತ್ತು. ದೀಪವನ್ನು ಬಿಸಿಲಿಗೆ ಹಿಡಿದು, ಬತ್ತಿ ಏರಿಸುವ ತಿರುಗಣಿಯ ಸವೆದ ಹಲ್ಲುಗಳನ್ನು ಉಗುರಿನಿಂದ ಎಣಿಸಿ ನೋಡಿದ.

"ದೀಪಕ್ಕ ಐವತ್ತರ ಮ್ಯಾಲಾಗೈತ್ರಿ ಅಕ್ಕಾರ. ಬೆಸುಗಿ ಮಾತ್ರ ಮೂವತ್ತು ವರ್ಷದ್ದು. ನನ್ನ ಕೈದ."

"ಇಪ್ಪತ್ತೊಂಬತ್ತಲ್ಲೇನ್ರಿ ಕಾಕಾ? ಕೀಲಕ ಅಂದ್ರ ಒಂಬತ್ತನೇ ಇಸ್ವಿ."

"ಒಂಬತ್ತರ ಜನವರಿ, ಫೆಬ್ರವರಿ ಕೀಲಕನ ಖರೇ. ಆದ್ರ ಸಂವತ್ಸರ ಶುರು ಆಗೂದು ಯುಗಾದಿಗಲ್ರಿ? ಕೀಲಕದ ಚೈತ್ರ ಬಂದು ಹೋಗಿದ್ದು ಎಂಟರಾಗ. ಒಂಬತ್ತರ ಚೈತ್ರಕ್ಕ ಮುಂದಿನ ಸಂವತ್ಸರ, ಸೌಮ್ಯ ಹತ್ತಿತ್ತು."

ಕ್ರೈಸ್ತರಾದ ಮೇಲೆ ಮನೆಯೊಳಗೆ ಪಂಚಾಂಗ ಸೇರಿಸದೆ ಎರಡು ತಲೆಮಾರು ಕಳೆದ ಜನ ಅವರು. ಬೀದಿಯ ಹುಡುಗರಿಗೂ ಗೊತ್ತಿದ್ದ ಸಂಗತಿ ಅಂದು ವಿಚಾರಣೆ ನಡೆದ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೀಪವು ಕಳವಿಗಿಂತ ಹತ್ತು ತಿಂಗಳು ಮೊದಲೇ ಅಪ್ಪನ ಬಳಿ ಇತ್ತು! ರಾಹೇಲ ಬಗ್ಗಿ, ಅವನ ಕೈಯಲ್ಲಿದ್ದ ದೀಪದ ತಳದ ಗೀಚನ್ನು ಮತ್ತೊಮ್ಮೆ ಓದಿದಳು.

ಗುರುಶಿದ್ದಪ್ಪ ತನ್ನ ಪಾಡಿಗೆ ಮಾತು ಮುಂದುವರಿಸಿದ. "ಇದು ಸತ್ಯಾನಂದ ಮಾಸ್ತರರ ದೀಪರಿ. ಪಾಪ, ದೇವರಂಥಾ ಮನಶ್ಯಾ. ನೌಕರಿ ಹೋಗಿ ಒಂದು ವರ್ಷ ಆದಮ್ಯಾಲೆ ಇಲ್ಲಿ ಬಂದು ಕೇಳಿದ್ರು, ನಾ ಹಿಂಗ ಬಿಡಿಸಿ ಹೇಳಿದೆ. ನಡೀರಿ, ಪಾದ್ರಿ ಸಾಹೇಬ್ರ ಮುಂದ ನಾನ ಬಂದು ಹೇಳತೇನಿ ಅಂದೆ. ಬ್ಯಾಡ ಗುರುಶಿದ್ದಪ್ಪ, ಲೆಕ್ಕ ಹೇಳಿದಾಕಿ ನನ್ನ ಮಗಳು, ಬೋರ್ಡಿಂಗಿನ್ಯಾಗ ಛಲೋ ಓದಾಕತ್ತಾಳ, ಇದು ಕಿವಿಗೆ ಬಿದ್ರ ಜೀವನಪೂರ್ತಿ ಕೊರಗತಾಳ ಅಂದ್ರು. ಯಾರಿಗೂ ಹೇಳಬ್ಯಾಡ ಅಂತ ಕೈ ಹಿಡಕೊಂಡ್ರು." ದೀಪವನ್ನು ಒರೆಸಿ ಅವಳ ಮುಂದಿಟ್ಟ. "ನಿಮಗ ಇದು ಎಲ್ಲಿ ಸಿಕ್ತು? ಅವರು ನಿಮಗೇನಾಗಬೇಕ್ರಿ?"

ಅವಳ ಮುಖ ನೋಡಿ ಮುದುಕನಿಗೇ ತಿಳಿಯಿತು. "ಅಯ್ಯ ಶಿವನ, ಎಂಥಾ ಕೆಲಸ ಮಾಡಿದೆ" ಎಂದು ಹಣೆ ಬಡಿದುಕೊಂಡ.

ಅವಳು ದೀಪ ಎತ್ತಿಕೊಂಡು ಧಾರವಾಡದ ದಾರಿ ಹಿಡಿದಳು. ಅಪ್ಪನ ಮೇಲೆ ಸಿಟ್ಟೂ ಬಂತು. ಒಂದು ಮಾತು ಹೇಳಿದ್ದರೆ ಕೊರಗಿಯಾದರೂ ಮಗಳಾಗಿ ಉಳಿಯುತ್ತಿದ್ದಳಲ್ಲ! ಅವಳು ನೆಟ್ಟಗೆ ಪಾಸ್ಟರರ ಮನೆಗೆ ಹೋದಳು. "ಹೆಸರು ಕೊರಸ್ರಿ. ಕಲ್ಲು ಕೂಡಿಸೂ ದಿನ ನಂಗ ಎರಡು ಮಾತಾಡಾಕ ಬಿಡ್ರಿ" ಎಂದಳು.

ಆ ಭಾನುವಾರ ಚರ್ಚು ತುಂಬಿತ್ತು. ಮುಂದಿನ ಸಾಲಿನಲ್ಲಿ ಅವಳ ಶಾಲೆಯ ಹುಡುಗಿಯರಿದ್ದರು. ರಾಹೇಲ ಎದ್ದು ನಿಂತು ಸಂವತ್ಸರದ ಲೆಕ್ಕವನ್ನು ಪಾಠ ಹೇಳುವಂತೆ ಬಿಡಿಸಿ ಹೇಳಿದಳು. ಲೆಕ್ಕ ತಪ್ಪಿದವಳು ತಾನೇ ಎಂದಳು. ಅಯ್ಯೋ, ಸಣ್ಣ ಹುಡುಗಿ, ಅವಳದೇನು ತಪ್ಪು ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಗೊಣಗಿದರು.

"ಅವತ್ತ ಸಣ್ಣಾಕಿ ಇದ್ದೆ, ಖರೇ" ಎಂದಳು ರಾಹೇಲ. "ಆದ್ರ ಅಪ್ಪ ಸಾಯೂ ಮುಂದ ಮೂರು ಸರ್ತಿ ಹೇಳಿಕಳಿಸಿದ್ರು. ಅವಾಗ ನಾ ದೊಡ್ಡಾಕಿ ಆಗಿದ್ದೆ. ಸಾಲಿ ನಡದೈತಿ, ಬರಾಕ ಆಗೂದಿಲ್ಲ ಅಂತ ಹೇಳಿ ಕಳಿಸಿದೆ." ಅವಳ ಕಣ್ಣು ಹುಡುಗಿಯರ ಮೇಲಿತ್ತು. "ಆ ವಾರ ಸಾಲಿಗೆ ಸೂಟಿ ಇತ್ತು."